ವಿಮೆ, ಆ್ಯಪ್ ಬಳಗ, ಬ್ರೋಡ್‌ಫೊಂಡ್ಸ್: ಕೈ ಮುರಿದಾಗ ಕೈ ಹಿಡಿದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ವಂತ ದುಡಿಮೆಯವರು ಕಾಯಿಲೆ ಕಾಲಕ್ಕೆ ಒಬ್ಬರಿಗೊಬ್ಬರು ಆಗುವ ಸಣ್ಣ ಗುಂಪಿಗೆ, ಅಂದರೆ ಬ್ರೋಡ್‌ಫೊಂಡ್ಸ್‌ಗೆ. ಜನವರಿಯಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನ ನಮ್ಮ ಬೀದಿ ತಿರುವಿನಲ್ಲೇ ಸೈಕಲ್ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಿಸಿಕೊಂಡು ಮೂರು ತಿಂಗಳು ಮನೆಯಲ್ಲಿ ಕೂತವನ ಮಾತಿದು. ಪಕ್ಷಪಾತ ಇದ್ದೇ ಇರುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಕಂಪನಿ ಕೆಲಸದಲ್ಲಿದ್ದರೆ ಈ ಚಿಂತೆಯೇ ಇಲ್ಲ. ಕಾಯಿಲೆ ಬಿದ್ದರೆ ಎರಡು ವರ್ಷದವರೆಗೆ ಸಂಬಳದ 70% ಆದರೂ ಕಂಪನಿ ಕೊಡಬೇಕು. ನಾನು ಕಾಯಂ ವಾಸದ ಪರವಾನಗಿ ಕೈಗೆ ಬಂದ ಮೇಲೆ ಕೆಲಸ ಬಿಟ್ಟು, ಸ್ವಂತವಾಗಿ ಸಾಫ್ಟ್‌ವೇರ್ ಟೆಸ್ಟಿಂಗ್ ಹಿಡಿದವನು. ನಮ್ಮಂಥವರಿಗೂ ಒಂದು ಸರ್ಕಾರಿ ವಿಮೆ ಇತ್ತು, ಅದನ್ನು 2004ರಲ್ಲಿ ತೆಗೆದುಬಿಟ್ಟರು. ಕಾಯಿಲೆ ಬಿದ್ದರೆ ನಮ್ಮ ಪಾಡು ನಮಗೆ. ಹಾಗಾಗಿ ಮೂರು ಬಾಗಿಲು ತಟ್ಟಿದೆ.

ಮೊದಲನೆಯದು ಮಾಮೂಲಿ ವಿಮಾ ಕಂಪನಿ. ಕಾಯಿಲೆ ಬಿದ್ದು ಕೆಲಸ ಮಾಡಲಾಗದಾಗ ದುಡ್ಡು ಕೊಡುವ ಈ ವಿಮೆಗೆ ಇಲ್ಲಿ ಎಒವಿ ಅನ್ನುತ್ತಾರೆ. ನನ್ನ ವಯಸ್ಸಿಗೆ ತಿಂಗಳಿಗೆ 300 ಯೂರೋ ಹತ್ತಿರ ಕೇಳಿದರು. ಕಂತಿಗೆ ತೆರಿಗೆ ವಿನಾಯಿತಿ ಉಂಟು, ಪಿಂಚಣಿ ವಯಸ್ಸಿನವರೆಗೂ ರಕ್ಷಣೆ ಉಂಟು. ಆರೋಗ್ಯದ ಫಾರಂನಲ್ಲಿ ಐದು ವರ್ಷದ ಹಿಂದಿನ ಬೆನ್ನುನೋವು ಬರೆದೆ. ಬಂದ ಉತ್ತರ: ಬೆನ್ನೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ವಿಮೆ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವವನಿಗೆ ಕೆಡುವುದು ಮತ್ತೇನು, ಬೆನ್ನೇ ಅಲ್ವಾ? ಬೇಡ ಅಂದೆ.

ಎರಡನೆಯದು ಆನ್‌ಲೈನ್ ಬಳಗ. ವಿಮಾ ಕಂಪನಿಯೇ ಇಲ್ಲ. ಯಾರಿಗೋ ಕಾಯಿಲೆ ಆದರೆ ಆ್ಯಪ್‌ನಲ್ಲಿರುವ ಮಿಕ್ಕವರೆಲ್ಲ ಪಾಲು ಹಾಕುತ್ತಾರೆ. ಸೋಫಾ ಮೇಲೆ ಕೂತು ಹತ್ತು ನಿಮಿಷದಲ್ಲಿ ಸೇರಿದೆ. ಒಂದು ವರ್ಷ ಇದ್ದೆ, ಮೋಸ ಏನೂ ಆಗಲಿಲ್ಲ. ಆದರೆ ಪಾಲು ಒಂದು ತಿಂಗಳಿದ್ದ ಹಾಗೆ ಇನ್ನೊಂದು ತಿಂಗಳು ಇರುವುದಿಲ್ಲ. ಯಾರಿಗೆ ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಪಾಲು ಏರಿದ ತಿಂಗಳು ‘ಇವರಿಗೆ ನಿಜವಾಗಲೂ ಕಾಯಿಲೆನಾ?’ ಅಂತ ಒಂದು ಸಣ್ಣ ಅನುಮಾನ. ಆ ಅನುಮಾನ ನನಗೇ ಹಿಡಿಸಲಿಲ್ಲ. ಚೀನಾದಲ್ಲಿ ಆ್ಯಂಟ್ ಕಂಪನಿಯ ಶಿಯಾಂಗ್‌ಹುಬಾವ್ ಅಂತ ಇಂಥದೇ ಒಂದು ಬಳಗ ಇತ್ತು. 2018ರಲ್ಲಿ ಶುರುವಾಗಿ ಹತ್ತು ಕೋಟಿಗೂ ಜಾಸ್ತಿ ಜನ ಸೇರಿದ್ದರು. ತಲೆಗೆ ಬೀಳುವ ಪಾಲು ಏರುತ್ತಿದ್ದಂತೆ ಜನ ಜಾಗ ಖಾಲಿ ಮಾಡತೊಡಗಿದರು. 2022ರ ಜನವರಿಯಲ್ಲಿ ಬಾಗಿಲು ಹಾಕಿತು. ಗುರುತು ಪರಿಚಯ ಇಲ್ಲದವರ ನಡುವೆ ಕೈ ಬಿಡುವುದು ಸುಲಭ ಅಂತ ನನ್ನ ಲೆಕ್ಕ.

ಈಗ ಬ್ರೋಡ್‌ಫೊಂಡ್ಸ್. ಬ್ರೋಡ್ ಅಂದರೆ ಬ್ರೆಡ್ಡು, ನಮ್ಮ ಮಾತಲ್ಲಿ ‘ಅನ್ನದ ನಿಧಿ’ ಅನ್ನಬಹುದು. 2006ರಲ್ಲಿ ಶುರುವಾದದ್ದು. ಒಂದು ಗುಂಪಿನಲ್ಲಿ 20ರಿಂದ 50 ಜನ. ನಾನು ತಿಂಗಳಿಗೆ 67.50 ಯೂರೋ ಕಟ್ಟುತ್ತೇನೆ, ಅದು ಕೂಡುವುದು ನನ್ನದೇ ಖಾತೆಯಲ್ಲಿ. ಗುಂಪು ಬಿಟ್ಟರೆ ಉಳಿದದ್ದು ವಾಪಸ್. ಕಾಯಿಲೆ ಬಿದ್ದರೆ ಮೊದಲ ತಿಂಗಳು ಏನೂ ಇಲ್ಲ, ಆಮೇಲೆ ಗುಂಪಿನ ಮಿಕ್ಕವರ ಖಾತೆಗಳಿಂದ ತಿಂಗಳಿಗೆ 1500 ಯೂರೋ, ಹೆಚ್ಚೆಂದರೆ ಎರಡು ವರ್ಷ. ಲೆಕ್ಕದಲ್ಲಿ ಅದು ಉಡುಗೊರೆ, ತೆರಿಗೆ ಇಲ್ಲ. ಫೋನಿನಲ್ಲಿ ಅಪ್ಪನಿಗೆ ವಿವರಿಸಿದರೆ, ‘ಮುಯ್ಯಿ ಅನ್ನು ಮಾರಾಯ, ಅದಕ್ಕೆ ಇಷ್ಟು ಹೊತ್ತು ಯಾಕೆ?’ ಅಂದರು.

ತಲೆನೋವು ಇರುವುದು ಒಳಗೆ ಹೋಗುವುದರಲ್ಲಿ. ಒಂದು ವರ್ಷವಾದರೂ ಸ್ವಂತ ದುಡಿಮೆ ಆಗಿರಬೇಕು, ಸರಿ. ಆದರೆ ಗುಂಪಿನಲ್ಲಿ ನಿಮ್ಮನ್ನು ಬಲ್ಲವರು ಯಾರಾದರೂ ಇರಬೇಕು. ನನ್ನನ್ನು ಬಲ್ಲವರು ಯಾರು? ಕನ್ನಡ ರಾಜ್ಯೋತ್ಸವದಲ್ಲಿ ಸಿಗುವವರೆಲ್ಲ ಕಂಪನಿ ಕೆಲಸದವರು. ಆಫೀಸಿನ ಹಳೇ ಡಚ್ಚರೂ ಅಷ್ಟೇ. ನಾಲ್ಕು ಗುಂಪಿಗೆ ಬರೆದೆ. ಎರಡು ಭರ್ತಿ. ಒಂದರಿಂದ ಉತ್ತರವೇ ಇಲ್ಲ. ನಾಲ್ಕನೆಯವರು ‘ನಮ್ಮಲ್ಲಿ ನಿಮಗೆ ಯಾರು ಗೊತ್ತು?’ ಅಂತ ಬಹಳ ವಿನಯದಿಂದ ಕೇಳಿದರು. ಯಾರೂ ಇಲ್ಲ.

ಏಳು ತಿಂಗಳು ಹೀಗೇ ಕಳೆಯಿತು. ಕೊನೆಗೆ ದಾರಿ ತೋರಿಸಿದ್ದು ಮಗಳ ಈಜು ಕ್ಲಾಸು. ಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತಿದ್ದ ಬಡಗಿಯೊಬ್ಬ ಇಂಥದೊಂದು ಗುಂಪಿನಲ್ಲಿದ್ದ. ಪರಿಚಯದ ಸಂಜೆ ಪೂರ್ತಿ ಡಚ್. ‘ಸತತ ಎರಡು ತಿಂಗಳು ಕೆಲಸ ಸಿಗದಿದ್ದರೆ ಏನು ಮಾಡುತ್ತೀಯ?’ ಅಂತ ಒಬ್ಬ ಹೂ ಮಾರುವಾಕೆ ಕೇಳಿದರು. ಉತ್ತರ ಕನ್ನಡದಲ್ಲಿ ಬಂತು, ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಡಚ್ಚಿಗೆ. ಅಷ್ಟರಲ್ಲಿ ಕಾಫಿ ಆರಿತ್ತು. ಸುಮ್ನೆ ಆ್ಯಪ್‌ನಲ್ಲೇ ಇದ್ದುಬಿಡೋಣ ಅಂತ ಅವತ್ತು ಅನ್ನಿಸಿದ್ದು ನಿಜ.

ಆದರೆ ಕೈ ಮುರಿದಾಗ ವಿಮಾ ಕಂಪನಿಯ ಡಾಕ್ಟರು ಅಂತ ಯಾರೂ ಬರಲಿಲ್ಲ. ಗುಂಪಿನವರಿಗೆ ಒಂದು ಫೋನ್ ಮಾಡಿದೆ, ಅಷ್ಟೇ. ಫೆಬ್ರುವರಿ ಕೊನೆಯಲ್ಲಿ ಬ್ಯಾಂಕ್ ಖಾತೆ ತೆರೆದರೆ ಸಾಲುಸಾಲು ಜಮೆ. ಒಬ್ಬರದು 18 ಯೂರೋ, ಇನ್ನೊಬ್ಬರದು 36, ಮತ್ತೊಬ್ಬರದು 60. ಎಡಗೈ ಬೆರಳಲ್ಲಿ ಸರಿಸುತ್ತಾ ಎಣಿಸಿದೆ, 42 ಹೆಸರು. ಹೂವಿನಾಕೆಯದೂ ಇತ್ತು. ಮರುವಾರ ಆ ಬಡಗಿ ಒಂದು ಪಾತ್ರೆ ತುಂಬ ಬಟಾಣಿ ಸೂಪ್ ತಂದ. ಅದರಲ್ಲಿ ಸಾಸೇಜ್ ತುಂಡುಗಳು ತೇಲುತ್ತಿದ್ದವು. ನಾವು ಸಸ್ಯಾಹಾರಿಗಳು ಅಂತ ಹೇಳಲು ಬಾಯಿ ಬರಲಿಲ್ಲ, ಪಕ್ಕದ ಮನೆಯವರು ಖುಷಿಯಾಗಿ ತಿಂದರು.

ನನಗೆ ಸರಿಹೋಗಿದ್ದು ನಿಮಗೂ ಸರಿಹೋಗಬೇಕು ಅಂತಿಲ್ಲ. ನನ್ನ ಹೆಂಡತಿಗೆ ಕಾಯಂ ಕೆಲಸ ಇದೆ, ಹಾಗಾಗಿ 1500ರಲ್ಲಿ ಮನೆ ನಡೆಯಿತು. ಒಬ್ಬರೇ ದುಡಿಯುವ ಮನೆ, ಮೇಲೆ ದೊಡ್ಡ ಗೃಹಸಾಲ ಅಂದರೆ ಕಣ್ಣು ಮುಚ್ಚಿ ಎಒವಿ ತಗೊಳ್ಳಿ. ವರ್ಷಕ್ಕೆ ಎರಡು ಸಲ ಗುಂಪಿನ ಸಭೆಗೆ ಹೋಗಲು ಬೇಜಾರು ಅನ್ನುವವರಿಗೆ ಆ್ಯಪ್ ಸಾಕು.

ಎರಡು ವರ್ಷ ದಾಟಿದ ಮೇಲೆ ಏನು ಅನ್ನುವುದು ನನಗೂ ಬಾಕಿ ಇರುವ ಲೆಕ್ಕ. ಮೊದಲ ಎರಡು ವರ್ಷ ಬ್ರೋಡ್‌ಫೊಂಡ್ಸ್, ಆಮೇಲಿಂದ ಶುರುವಾಗುವ ಎಒವಿ, ಹೀಗೆ ಜೋಡಿಸಿಕೊಳ್ಳುವವರು ಇಲ್ಲಿದ್ದಾರೆ. ಅಷ್ಟು ಕಾಯುತ್ತೇನೆ ಅಂದರೆ ಕಂತು ಚೆನ್ನಾಗಿಯೇ ಇಳಿಯುತ್ತದೆ. ಫಾರಂ ತರಿಸಿದ್ದೇನೆ. ಮೂರನೇ ಪುಟದಲ್ಲಿ ಮತ್ತೆ ಬೆನ್ನಿನ ಪ್ರಶ್ನೆ ಇದೆ. ಈ ಸಲ ಅದರ ಕೆಳಗೆ ಮಣಿಕಟ್ಟಿನದನ್ನೂ ಬರೆಯಬೇಕು.