ವಿಯೆಟ್ನಾಂ ವೀಸಾಗೆ ದುಡ್ಡು ಕಟ್ಟುವ ಮುಂಚೆ ನಮ್ಮ ಕಥೆ ಕೇಳಿ

ಮಕ್ಕಳ ರಜೆಗೆ ವಿಯೆಟ್ನಾಂಗೆ ಹೊರಟವರಿದ್ದರೆ, ಅದರಲ್ಲೂ ಮನೆಯಲ್ಲಿ ಒಬ್ಬೊಬ್ಬರ ಪಾಸ್‌ಪೋರ್ಟ್‌ನಲ್ಲಿ ಒಂದೊಂದು ಥರ ಹೆಸರಿದ್ದರೆ, ದಯವಿಟ್ಟು ಇದನ್ನು ಓದಿ. ನಾವು ಐದು ಜನ ಹೊರಟೆವು. ಮೂರು ಜನ ಹೋದರು. ನಾನು, ಅತ್ತೆ ದೇವನಹಳ್ಳಿಯಿಂದ ವಾಪಸ್.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟ. ರೊಬಸ್ಟಾ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ. ಕಾಫಿಗೆ ಒಳ್ಳೆ ರೇಟ್ ಸಿಕ್ಕಿತ್ತು, ಗಿಡ ಹೂ ಬಿಡಲು ಬೇಕಾದ ಹೂಮಳೆಯೂ ಸರಿಯಾಗಿ ಆಗಿತ್ತು, ಮದುವೆಯಾಗಿ ಹದಿನೈದು ವರ್ಷದಲ್ಲಿ ಧರ್ಮಸ್ಥಳ, ಊಟಿ ಬಿಟ್ಟರೆ ನಾವಿಬ್ಬರು ಎಲ್ಲಿಗೂ ಹೋದವರಲ್ಲ. ನಮ್ಮ ಮನೆಯವರಿಗೆ ವಿಯೆಟ್ನಾಂ ಮೇಲೆ ಹಳೇ ಸಿಟ್ಟು ಬೇರೆ, ಅಲ್ಲಿಯ ಮೆಣಸು ಬಂದೇ ನಮ್ಮ ರೇಟ್ ಬಿದ್ದಿದ್ದು ಅಂತ. 2017ರಲ್ಲಿ ಆಮದು ಮೆಣಸಿಗೆ ಕೆಜಿಗೆ ಕನಿಷ್ಠ 500 ರೂಪಾಯಿ ಅಂತ ಸರ್ಕಾರ ಗೊತ್ತು ಮಾಡಿದ ಮೇಲೂ ಆ ಸಿಟ್ಟು ಇಳಿದಿಲ್ಲ. ರೊಬಸ್ಟಾ ಬೆಳೆಯುವುದರಲ್ಲೂ ಪ್ರಪಂಚಕ್ಕೆ ಅವರೇ ಮೊದಲು. "ಅದೇನು ಮಾಡ್ತಾರೆ ಅಂತ ಒಂದ್ಸಲ ನೋಡ್ಕೊಂಡು ಬರೋಣ" ಅಂದರು. ಟೂರ್ ಪ್ಯಾಕೇಜ್ ಬೇಡ, ಬೆನ್ನಿಗೆ ಒಂದೊಂದು ಬ್ಯಾಗ್, ತಲೆಗೆ ಏಳೇ ಕೆಜಿ. ಹೋ ಚಿ ಮಿನ್ ಸಿಟಿಯಲ್ಲಿ ಇಳಿದು ರಾತ್ರಿ ಸ್ಲೀಪರ್ ಬಸ್ಸಲ್ಲಿ ಬುವಾನ್ ಮಾ ತುವಾಟ್‌ಗೆ ಹೋಗುವುದು. ಅದೇ ಅವರ ಕಾಫಿ ರಾಜಧಾನಿ. ಒಟ್ಟು ಹತ್ತು ದಿನ. ಅತ್ತೆಗೆ 66. ಅವರೂ ಒಂದು ಬ್ಯಾಗ್ ಏರಿಸಿಕೊಂಡು ಅಂಗಳದಲ್ಲಿ ಎರಡು ಸುತ್ತು ನಡೆದು ನೋಡಿದರು.

ಎಲ್ಲದರಲ್ಲೂ ಉಳಿಸಿದೆವು. ವೀಸಾದಲ್ಲಿ ಕಳೆದುಕೊಂಡೆವು.

ಗೂಗಲ್‌ನಲ್ಲಿ ವಿಯೆಟ್ನಾಂ ಇ-ವೀಸಾ ಅಂತ ಹಾಕಿದ ತಕ್ಷಣ ಮೇಲೆ ಬಂದದ್ದನ್ನೇ ಒತ್ತಿದೆವು. ಅದು ಜಾಹೀರಾತು ಅಂತ ಗೊತ್ತಾಗಲಿಲ್ಲ. ಕೆಂಪು ಬಾವುಟ, ಹಳದಿ ನಕ್ಷತ್ರ, ನೋಡಿದರೆ ಸರ್ಕಾರದ್ದೇ ಅನ್ನಿಸಬೇಕು, ಹಾಗಿತ್ತು. ತಲೆಗೆ 69 ಡಾಲರ್. ಐವರಿಗೆ 345, ಅಂದರೆ ಹೆಚ್ಚು ಕಡಿಮೆ 29 ಸಾವಿರ ರೂಪಾಯಿ. ಹೊರದೇಶ ಅಂದಮೇಲೆ ಇಷ್ಟು ಇರುತ್ತೇನೋ ಅಂದುಕೊಂಡು ಕಟ್ಟಿದೆವು. ಅಸಲಿಗೆ ಅವರ ಸರ್ಕಾರ ತೆಗೆದುಕೊಳ್ಳುವುದು ಒಂದು ಸಲದ ಪ್ರವೇಶಕ್ಕೆ 25 ಡಾಲರ್ ಮಾತ್ರ. ಸರ್ಕಾರದ ಸೈಟ್ ವಿಳಾಸದ ಕೊನೆಗೆ 'ಡಾಟ್ ಗವ್ ಡಾಟ್ ವಿಎನ್' ಇರಲೇಬೇಕು. ಅದಿಲ್ಲದಿದ್ದರೆ ಎಷ್ಟೇ ಚೆಂದ ಇದ್ದರೂ ಮಧ್ಯವರ್ತಿ.

ದುಡ್ಡು ಹೋಗಲಿ, ಇನ್ನೊಂದು ಇದೆ. ಆ ಸೈಟಿನಲ್ಲಿ 'ಫ್ಯಾಮಿಲಿ ಅರ್ಜಿ' ಅಂತ ಒಂದು ಸೌಕರ್ಯ. ಸರ್‌ನೇಮ್ ಒಂದು ಸಲ ಹಾಕಿದರೆ ಸಾಕು, ಎಲ್ಲರಿಗೂ ಅದೇ ತುಂಬಿಕೊಳ್ಳುತ್ತದೆ. ನಮ್ಮ ಕಡೆ ಹೆಸರು ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ವಾ? ನಮ್ಮವರಿಗೂ ಮಕ್ಕಳಿಗೂ ಮನೆತನದ ಹೆಸರು ಸರ್‌ನೇಮ್. ನನ್ನ ಪಾಸ್‌ಪೋರ್ಟ್ ಮದುವೆಗೆ ಮುಂಚೆ ಮಾಡಿಸಿದ್ದು, ರಿನ್ಯೂ ಮಾಡಿಸುವಾಗಲೂ ಬದಲಾಯಿಸಲಿಲ್ಲ, ಅದರಲ್ಲಿ ತವರಿನ ಹೆಸರೇ ಇದೆ. ಅತ್ತೆಯದರಲ್ಲಿ ಸರ್‌ನೇಮ್ ಜಾಗವೇ ಖಾಲಿ. ಆ ಸೈಟು ನಮ್ಮಿಬ್ಬರಿಗೂ ಗಂಡನ ಮನೆ ಹೆಸರು ಕೊಟ್ಟು ಒಂದೇ ಸಂಸಾರ ಮಾಡಿಬಿಟ್ಟಿತು. ವೀಸಾ ಬಂದಾಗ ಇವರು ತಮ್ಮದೊಂದು ತೆಗೆದು ನೋಡಿ, ಸರಿ ಇದೆ ಅಂತ ಉಳಿದ ನಾಲ್ಕನ್ನು ವಾಟ್ಸ್ಯಾಪ್‌ಗೆ ಹಾಕಿದರು. ನಾನೂ ಹೆಬ್ಬೆಟ್ಟು ಒತ್ತಿ ಸುಮ್ಮನಾದೆ. ಆ ಪಾಲಿನ ತಪ್ಪು ನಮ್ಮದೇ.

2025ರ ಏಪ್ರಿಲ್ 29ರ ರಾತ್ರಿ. ಸುಂಟಿಕೊಪ್ಪದಿಂದ ಬೆಳಿಗ್ಗೆಯೇ ಹೊರಟು, ದಾರಿಯಲ್ಲಿ ಕಟ್ಟಿಕೊಂಡು ಹೋಗಿದ್ದ ಅಕ್ಕಿ ರೊಟ್ಟಿ ತಿಂದು, ಏರ್‌ಪೋರ್ಟಿನಲ್ಲಿ ವಿಮಾನದವರ ಕೌಂಟರ್ ಮುಂದೆ ನಿಂತಿದ್ದೇವೆ. ಆ ಹುಡುಗಿ ನನ್ನ ಪಾಸ್‌ಪೋರ್ಟ್ ನೋಡಿದಳು, ವೀಸಾ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. "ಮೇಡಂ, ಇದು ನಿಮ್ಮ ಹೆಸರಲ್ಲ." ಮದುವೆ ಸರ್ಟಿಫಿಕೇಟ್ ಫೋನಿನಲ್ಲಿ ತೋರಿಸಿದೆ. ಆಧಾರ್ ತೋರಿಸಿದೆ. ಅವಳ ಮೇಲಿನವರು ಬಂದರು. ಹೆಸರು ಕೂಡದವರನ್ನು ಕರೆದುಕೊಂಡು ಹೋದರೆ ಅಲ್ಲಿ ಇಳಿಯಲು ಬಿಡಲ್ಲ, ವಾಪಸ್ ತರುವುದು ನಮ್ಮ ತಲೆಗೆ ಬರುತ್ತೆ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಆ ಹೊತ್ತಿಗೆ ಅದು ತಲೆಗೆ ಹೋಗಲಿಲ್ಲ, ನಾನು ಎಲ್ಲರೆದುರೇ ಅತ್ತುಬಿಟ್ಟೆ.

ಗಂಡ, ಮಕ್ಕಳ ವೀಸಾ ಸರಿಯಿತ್ತು. "ಕಟ್ಟಿದ ದುಡ್ಡು ಯಾಕೆ ಹಾಳು ಮಾಡ್ತೀಯಪ್ಪ, ನೀನು ಮಕ್ಕಳನ್ನ ಕರ್ಕೊಂಡು ಹೋಗು" ಅಂತ ಅತ್ತೆಯೇ ಹೇಳಿದರು. ಅವರನ್ನು ಕಳಿಸಿ ನಾವಿಬ್ಬರು ನನ್ನ ಅಕ್ಕನ ಮನೆಗೆ ಹೋದೆವು.

ಅದೇ ರಾತ್ರಿ ಸರಿಯಾದ ಸೈಟಿನಲ್ಲಿ ಮತ್ತೆ ಅರ್ಜಿ ಹಾಕಿದೆ. ಮೂರು ಕೆಲಸದ ದಿನ ಅಂತ ಅಲ್ಲಿ ಬರೆದಿದೆ. 'ಕೆಲಸದ ದಿನ' ಅನ್ನುವುದನ್ನು ಗಮನಿಸಿ. ಏಪ್ರಿಲ್ 30 ಅವರಿಗೆ ಯುದ್ಧ ಮುಗಿದ ದಿನ, ಮೇ 1 ಕಾರ್ಮಿಕರ ದಿನ, ಆ ವರ್ಷ ಎರಡನೇ ತಾರೀಖನ್ನೂ ಸೇರಿಸಿ, ಶನಿವಾರ ಭಾನುವಾರ ಕೂಡಿ ಐದು ದಿನ ಸಾಲು ರಜೆ. ನಮ್ಮ ಮಕ್ಕಳ ರಜೆ ನೋಡಿ ಟಿಕೆಟ್ ಮಾಡಿದೆವು, ಅವರ ರಜೆ ನೋಡಲಿಲ್ಲ. ವೀಸಾ ಬಂದಿದ್ದು ಮೇ 7ಕ್ಕೆ. 9ಕ್ಕೆ ನಮ್ಮವರು ವಾಪಸ್ ಹೊರಡುವವರು. ಇಬ್ಬರ ಟಿಕೆಟ್ ದುಡ್ಡಿನಲ್ಲಿ ಒಂದಿಷ್ಟು ಟ್ಯಾಕ್ಸ್ ಬಿಟ್ಟರೆ ಏನೂ ಬರಲಿಲ್ಲ.

ಅಲ್ಲಿ ಇಳಿದವರ ಪಾಡು ಇನ್ನೊಂದು. 1975ಕ್ಕೆ ಯುದ್ಧ ಮುಗಿದು ಸರಿಯಾಗಿ ಐವತ್ತು ವರ್ಷ, ಹೋ ಚಿ ಮಿನ್ ಸಿಟಿಯಲ್ಲಿ ದೊಡ್ಡ ಮೆರವಣಿಗೆ, ಊರ ಮಧ್ಯದ ರಸ್ತೆಗಳೆಲ್ಲ ಬಂದ್. ಟ್ಯಾಕ್ಸಿಯವನು ಅರ್ಧದಲ್ಲೇ ಇಳಿಸಿದ, ಮಕ್ಕಳ ಬ್ಯಾಗನ್ನೂ ಇವರೇ ಹೊತ್ತು ನಡೆದರಂತೆ. ನೋಟಿನ ವಿಷಯವೂ ಹೇಳಿಬಿಡುತ್ತೇನೆ. ಅಲ್ಲಿ 20 ಸಾವಿರ ಡಾಂಗ್ ನೋಟೂ ನೀಲಿ, 5 ಲಕ್ಷದ್ದೂ ನೀಲಿ. ಕಬ್ಬಿನ ಹಾಲಿಗೆ ಇವರು 20 ಸಾವಿರ ಅಂತ 5 ಲಕ್ಷ ಕೊಟ್ಟು ಹೊರಟಿದ್ದರು. ನಮ್ಮ ಲೆಕ್ಕದಲ್ಲಿ ಸಾವಿರದ ಆರುನೂರರ ಮೇಲೆ. ಆ ಹೆಂಗಸೇ ಕೂಗಿ ಕರೆದು ವಾಪಸ್ ಕೊಟ್ಟಳಂತೆ. "ನಿಮ್ಮ ವೀಸಾದವರಿಗಿಂತ ಅವಳೇ ವಾಸಿ" ಅಂದರು ಅತ್ತೆ.

ಸೈಟಿನವರಿಗೆ ನಾಲ್ಕು ಸಲ ಬರೆದೆ. ಕೊನೆಯ ಪುಟದಲ್ಲಿ ನೀವೇ ಟಿಕ್ ಹಾಕಿದ್ದೀರಿ, ಸರ್ವಿಸ್ ಚಾರ್ಜ್ ವಾಪಸ್ ಬರಲ್ಲ ಅಂತ ಒಂದೇ ಉತ್ತರ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಆದರೆ ಸೈಟಿನವರು ಹೇಳಿದ ಕೆಲಸ ಮಾಡಿಕೊಟ್ಟಿದ್ದಾರಲ್ಲ, ಮೋಸ ಅಂತ ಸಾಧಿಸುವುದು ಕಷ್ಟ.

ಹಾಗಾಗಿ ನಿಮ್ಮ ವೀಸಾ ಬಂದ ದಿನವೇ ಪಾಸ್‌ಪೋರ್ಟ್ ಪಕ್ಕ ಇಟ್ಟು, ಒಬ್ಬೊಬ್ಬರದನ್ನೂ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಯಾವ ಏರ್‌ಪೋರ್ಟ್ ಅಂತ. ಮನೆಯಲ್ಲಿ ಯಾರದ್ದಾದರೂ ಸರ್‌ನೇಮ್ ಖಾಲಿ ಇದ್ದರೆ ಮೊದಲು ಪಾಸ್‌ಪೋರ್ಟನ್ನೇ ಸರಿ ಮಾಡಿಸಿ. ದುಬೈ ಕಡೆಯವರೂ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ತಕರಾರು ತೆಗೆಯುತ್ತಾರೆ.

ತಡವಾಗಿ ಬಂದ ಆ ವೀಸಾ ತೊಂಬತ್ತು ದಿನದ್ದು. ಅತ್ತೆ ಅದರ ಪ್ರಿಂಟ್ ತೆಗೆಸಿ ದೇವರ ಕೋಣೆಯ ಡಬ್ಬಿಯಲ್ಲಿ ಇಟ್ಟಿದ್ದರು, ಆಗಾಗ ತೆಗೆದು ಎಷ್ಟು ದಿನ ಉಳಿಯಿತು ಅಂತ ಕೇಳುತ್ತಿದ್ದರು. ಜುಲೈ ಕೊನೆಗೆ ಅದೂ ಮುಗಿಯಿತು. ಆಗ ನಮ್ಮಲ್ಲಿ ಹಿಡಿದ ಮಳೆ, ಮನೆಯಿಂದ ಗೇಟಿನವರೆಗೆ ಹೋಗುವುದೇ ಕಷ್ಟವಾಗಿತ್ತು.