‘ಎರಡೂ ಹೆಣ್ಣೇ’ ಅಂದ ಮಾತು ನಂಬಿ ಮೊಲ ತಂದೆ

ಮಾರಿದವರು ಹೇಳಿದ್ದು ಮೂರೇ ಮಾತು. ಎರಡೂ ಹೆಣ್ಣು, ಒಂದೇ ಸೂಲಿನವು. ವಯಸ್ಸು ಎರಡು ತಿಂಗಳು. ಕ್ಯಾರೆಟ್, ಎಲೆಕೋಸು ಹಾಕಿದರೆ ಸಾಕು, ಬೆಳೆದುಕೊಳ್ಳುತ್ತವೆ. ನಾನು ತಲೆಯಾಡಿಸಿ ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದೆ. ಇಷ್ಟರಲ್ಲಿ ನಿಜವಾಗಿದ್ದು ಒಂದೇ ಒಂದು, ಅವು ಒಂದೇ ಸೂಲಿನವು ಅನ್ನೋದು. ಅದೊಂದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಮೇಲೆ ಅನ್ನಿಸಿತು.

ಬಿಳಿಯದಕ್ಕೆ ಹತ್ತಿ, ಕಪ್ಪಿನದಕ್ಕೆ ಮಸಿ ಅಂತ ಹೆಸರಿಟ್ಟೆ. ಎರಡೂ ಅಂಗೈಯಲ್ಲಿ ಹಿಡಿಸುವಷ್ಟಿದ್ದವು. ತಂದಾಗ ಅವಕ್ಕೆ ಐದು ವಾರ ಆಗಿದ್ದರೆ ಹೆಚ್ಚು ಅಂತ ಡಾಕ್ಟರ್ ಆಮೇಲೆ ಹೇಳಿದರು. ಮರಿಗಳು 8 ವಾರವಾದರೂ ತಾಯಿ ಜೊತೆ ಇರಬೇಕಂತೆ. ಬೇಗ ಬಿಡಿಸಿದರೆ ಹೊಟ್ಟೆ ಸೂಕ್ಷ್ಮವಾಗಿಯೇ ಇರುತ್ತದೆ, ತಿನ್ನೋದು ಸ್ವಲ್ಪ ಬದಲಾದರೂ ಕೆಡುತ್ತದೆ.

ನಾನೋ, ಮೂರು ತಿಂಗಳು ದಿನಾ ಕ್ಯಾರೆಟ್ ಹಾಕಿದೆ. ಚಿತ್ರಗಳಲ್ಲೆಲ್ಲ ಮೊಲದ ಕೈಯಲ್ಲಿ ಅದೇ ಇರುತ್ತೆ ಅಲ್ವಾ!

ಒಂದು ರಾತ್ರಿ ಹತ್ತಿ ಕ್ಯಾರೆಟ್ಟನ್ನು ಮೂಸಿಯೂ ನೋಡಲಿಲ್ಲ. ಮೂಲೆಯಲ್ಲಿ ಮುದುಡಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಬೆಳಗ್ಗೆ ನೋಡೋಣ ಅಂತ ಮಲಗಿಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಎರಡು ದಿನದಿಂದ ಕಡಲೆಕಾಳಿನಷ್ಟಿರುವ ಹಿಕ್ಕೆಗಳ ಮಧ್ಯೆ ಮೆಣಸಿನಕಾಳಿನಷ್ಟು ಸಣ್ಣವೂ ಬೀಳುತ್ತಿದ್ದವು. ಗುಡಿಸಿದ್ದು ನಾನೇ. ಕಣ್ಣಿಗೆ ಬಿದ್ದಿದ್ದರೂ ಏನು ಅಂತ ಯೋಚಿಸಲಿಲ್ಲ. ಬೆಳಗ್ಗೆ ಎತ್ತಿಕೊಂಡಾಗ ಹಲ್ಲು ಕಟಕಟ ಮಸೆಯುವ ಸದ್ದು ಕೇಳಿಸಿತು. ತಲೆ ಸವರಿದಾಗ ಸುಖಕ್ಕೆ ಮೆಲ್ಲಗೆ ಮಸೆಯುತ್ತವೆ. ಇದು ಹಾಗಲ್ಲ, ನೋವಿನದು. ಮೊಲ ನಾಯಿಯ ಹಾಗೆ ಕುಂಯ್‌ಗುಡುವುದಿಲ್ಲ, ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ಜಾಸ್ತಿಯಾಗಿರುತ್ತದೆ.

ಮೊದಲು ಹೋದ ಕಡೆ ನಾಯಿ, ಬೆಕ್ಕು ನೋಡಿ ಅಭ್ಯಾಸ ಇದ್ದವರು. ಬಾಯಿಗೆ ಹಾಕೋಕೆ ಅಮಾಕ್ಸಿಸಿಲಿನ್ ಬರೆದುಕೊಟ್ಟರು. ಯಾಕೋ ಧೈರ್ಯ ಬರಲಿಲ್ಲ. ಮೊಲ ನೋಡುವ ಡಾಕ್ಟರನ್ನು ಹುಡುಕಿ ಹೋದೆ. ಅವರು ಚೀಟಿ ನೋಡಿ, "ಒಂದು ತೊಟ್ಟೂ ಹಾಕಿಲ್ಲ ತಾನೇ?" ಅಂದರು. ಆ ಔಷಧಿ ಬಾಯಿಗೆ ಹಾಕಿದರೆ ಮೊಲದ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಹಾಳಾಗಿ ಪ್ರಾಣವೇ ಹೋಗಬಹುದಂತೆ.

ಹತ್ತಿಯ ಕರುಳು ಓಡುವುದು ನಿಂತಿತ್ತು. ಮೊಲದ ಹೊಟ್ಟೆಗೆ ನಾರು ಬೀಳುತ್ತಲೇ ಇರಬೇಕು. ಇಲ್ಲದಿದ್ದರೆ ಕರುಳು ನಿಧಾನವಾಗಿ ಗ್ಯಾಸ್ ತುಂಬುತ್ತದೆ, ನೋವಿಗೆ ತಿನ್ನೋದು ಬಿಡುತ್ತದೆ, ತಿನ್ನದೆ ಕರುಳು ಇನ್ನೂ ನಿಲ್ಲುತ್ತದೆ. ಅದಕ್ಕೆ ವಾಂತಿ ಮಾಡೋಕೂ ಬರುವುದಿಲ್ಲ. 12 ಗಂಟೆ ಏನೂ ತಿಂದಿಲ್ಲ ಅಂದರೆ ಬೆಳಗಿಗೆ ಕಾಯಬೇಡಿ, ಆಗಲೇ ಹೊರಡಿ. ತಿನ್ನೋದರಲ್ಲಿ ಮುಕ್ಕಾಲಿಗೂ ಹೆಚ್ಚು ಒಣಹುಲ್ಲೇ ಇರಬೇಕು, ಹಗಲೂ ರಾತ್ರಿ ಮುಂದೆ ಇರಬೇಕು. ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಅದನ್ನು ಸವೆಸುವುದೂ ಆ ಹುಲ್ಲೇ. ಕ್ಯಾರೆಟ್‌ನಲ್ಲಿ ಸಕ್ಕರೆ ಜಾಸ್ತಿ. ಯಾವಾಗಲೋ ಒಂದು ಚೂರು ಸಾಕು.

ನೋವಿಗೆ ಇಂಜೆಕ್ಷನ್, ಚರ್ಮದಡಿ ನೀರು, ಮನೆಯಲ್ಲಿ ಕೆಲವು ಗಂಟೆಗೊಮ್ಮೆ ಸಿರಿಂಜಿನಲ್ಲಿ ಗಂಜಿಯಂಥ ಹುಲ್ಲಿನ ಪುಡಿ. ಐದು ದಿನ ನಾನು ಸರಿಯಾಗಿ ಮಲಗಲಿಲ್ಲ. ಆರನೇ ದಿನ ಮೂಲೆಯಲ್ಲಿ ದುಂಡಗಿನ, ದೊಡ್ಡ ಹಿಕ್ಕೆ ಕಂಡಾಗ ಆದಷ್ಟು ಖುಷಿ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಆದರೆ ಮೊದಲ ದಿನವೇ ಡಾಕ್ಟರ್ ಮಸಿಯನ್ನೂ ಎತ್ತಿ ನೋಡಿದ್ದರು. ನಕ್ಕರು. "ಒಂದು ಸಲವೂ ತಿರುಗಿಸಿ ನೋಡಿಲ್ವಾ? ಇದು ಗಂಡು." ಬೀಜ ಇಳಿದು ಎದ್ದು ಕಾಣುತ್ತಿತ್ತು. ಸಣ್ಣ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸೋದು ಅನುಭವ ಇದ್ದವರಿಗೂ ಕಷ್ಟ. ನಾಲ್ಕು ತಿಂಗಳಿಗೆಲ್ಲ ಮರಿ ಹಾಕುವ ವಯಸ್ಸು ಬಂದುಬಿಡುತ್ತದೆ, ಅಣ್ಣ ತಂಗಿ ಅನ್ನೋ ಲೆಕ್ಕ ಅವಕ್ಕಿಲ್ಲ. ಅವತ್ತೇ ಬೇರೆ ಮಾಡಿದೆ. "ತಡವಾಗಿರಬಹುದು, ಒಂದು ತಿಂಗಳು ನೋಡಿ" ಅಂದಿದ್ದರು.

ಇಪ್ಪತ್ತಾರನೇ ದಿನ ಹತ್ತಿ ಒಣಹುಲ್ಲನ್ನು ಮೀಸೆಯ ಹಾಗೆ ಬಾಯಿ ತುಂಬ ಕಚ್ಚಿಕೊಂಡು ಮೂಲೆಗೆ ಓಡುತ್ತಿತ್ತು. ಆಮೇಲೆ ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ಹಾಸಿತು. ಬೆಳಗ್ಗೆ ಐದು ಮರಿ. ಕೂದಲಿಲ್ಲ, ಕಣ್ಣು ತೆರೆದಿಲ್ಲ. ಎರಡು ಹಾಸಿನಿಂದ ಹೊರಗೆ ಬಿದ್ದು ತಣ್ಣಗಾಗಿದ್ದವು. ಉಳಿದವನ್ನೂ ತಾಯಿ ಬಿಟ್ಟಿತು ಅಂತ ಗಾಬರಿಬಿದ್ದೆ. ಬಿಟ್ಟಿರಲಿಲ್ಲ. ಮೊಲ ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ ಹಾಲೂಡುತ್ತದೆ. ಮಸಿ ಜೊತೆಗಿದ್ದಿದ್ದರೆ ಹೆತ್ತ ದಿನವೇ ಮತ್ತೆ ಗಬ್ಬವಾಗುತ್ತಿತ್ತು.

ಮಸಿಗೆ ಆಪರೇಷನ್ ಆಗಿದೆ. ಆದರೂ ಕೆಲವು ವಾರ ದೂರವೇ ಇಡಬೇಕು, ತಕ್ಷಣ ನಂಬೋ ಹಾಗಿಲ್ಲ.

ಮೂರು ಮರಿಗಳಿಗೆ ಈಗ ಆರು ವಾರ. ಬೇಕು ಅಂದವರಿಗೆಲ್ಲ ಇನ್ನೂ ಎರಡು ವಾರ ಕಾಯಿರಿ ಅನ್ನುತ್ತಿದ್ದೇನೆ. ಗಂಡೋ ಹೆಣ್ಣೋ ಅಂತ ಕೇಳಿದರೆ ಗೊತ್ತಿಲ್ಲ ಅನ್ನುತ್ತೇನೆ. ಡಾಕ್ಟರೇ ಇನ್ನೊಂದು ಸಲ ನೋಡಿ ಹೇಳುತ್ತೇನೆ ಅಂದಿದ್ದಾರೆ.