ಗೋವಾದಲ್ಲಿ ‘ಕ್ಯಾಸಿನೋ ರೆಸಾರ್ಟ್’ ಬುಕ್ ಮಾಡುವ ಮೊದಲು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ, ಹೋಟೆಲಿನ ಹೆಸರು ಕೇಳಬೇಡಿ. ನಾವು ಬಿದ್ದ ಗುಂಡಿ ಯಾವುದು ಎಂದು ಗೊತ್ತಾದರೆ ಸಾಕು. ಪೂರ್ತಿ ಮೋಸ ಎನ್ನಲೂ ಆಗುವುದಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜವೇ ಇತ್ತು. ಉಳಿದ ಅರ್ಧವನ್ನು ಕೇಳುವ ಬುದ್ಧಿ ನಮಗೆ ಬರಲಿಲ್ಲ.

ಶುರುವಾದದ್ದು ನನ್ನ ಭಾವನಿಂದ, ಅಂದರೆ ಅಕ್ಕನ ಗಂಡನಿಂದ. 2023ರ ಡಿಸೆಂಬರ್ ಕೊನೆಗೆ ಮಂಗಳೂರು ಸೆಂಟ್ರಲ್‌ನಿಂದ ಮಡಗಾಂವ್‌ಗೆ ವಂದೇ ಭಾರತ್ ರೈಲು ಬಿಟ್ಟಾಗಿನಿಂದ ಅವರದ್ದು ಒಂದೇ ರಾಗ. ‘ಒಮ್ಮೆ ಹೋಗಿ ಆ ಹಡಗಿನ ಕ್ಯಾಸಿನೋ ನೋಡಿ ಬರುವ.’ ಭಾವನಿಗೆ ಜೂಜಿನ ಹುಚ್ಚೇನೂ ಇಲ್ಲ. ಪ್ರಾಯದಲ್ಲಿ ಯಾವುದೋ ಕೋಳಿ ಅಂಕದ ಮೂಲೆಯಲ್ಲಿ ಉಲಾಯಿ-ಪಿದಾಯಿ (ತುಳುವಿನಲ್ಲಿ ‘ಒಳಗೆ-ಹೊರಗೆ’, ಇಸ್ಪೀಟಿನ ಜೂಜು) ಆಡುತ್ತಿದ್ದಾಗ ಪೊಲೀಸರನ್ನು ಕಂಡು ಗದ್ದೆ ಹಾರಿ ಓಡಿದ್ದರಂತೆ. ಆ ಕಥೆಯನ್ನು ಪ್ರತಿ ಮದುವೆ ಮನೆಯಲ್ಲೂ ಹೇಳುತ್ತಾರೆ. ‘ಅದೇ ಆಟವನ್ನು ಅಲ್ಲಿ ಎಸಿಯಲ್ಲಿ ಕೂತು ಆಡಬಹುದು ಮಾರಾಯ, ಓಡಲಿಕ್ಕಿಲ್ಲ’ ಎನ್ನುವುದಷ್ಟೇ ಅವರ ಆಸೆ.

ಕೊನೆಗೂ 2026ರ ಜನವರಿಯ ಒಂದು ಶನಿವಾರಕ್ಕೆ ಹೊರಟೆವು. ನಾನು, ಭಾವ, ಅವರ ಮಗ, ನನ್ನ ಆಫೀಸಿನ ಒಬ್ಬ ಗೆಳೆಯ. ನಾಲ್ಕು ಜನ, ಎರಡು ರೂಮು, ಎರಡು ರಾತ್ರಿ. ತಲೆಗೆ ಹತ್ತು ಸಾವಿರದೊಳಗೆ ಎಲ್ಲ ಮುಗಿಯಬೇಕು ಎಂಬ ಲೆಕ್ಕ. ಹೋಟೆಲ್ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು.

ಫೋನಿನಲ್ಲಿ ಹುಡುಕುತ್ತಾ ಹೋದಾಗ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಹೆಸರಿನಲ್ಲೇ ‘ಕ್ಯಾಸಿನೋ ರೆಸಾರ್ಟ್’ ಎಂದಿತ್ತು. ರೂಮಿಗೆ ದಿನಕ್ಕೆ 2,800 ರೂಪಾಯಿ. ಬಾಲ್ಕನಿಯಿಂದ ನದಿ, ನದಿಯಲ್ಲಿ ದೀಪ ಹಚ್ಚಿಕೊಂಡು ನಿಂತ ಕ್ಯಾಸಿನೋ ಹಡಗುಗಳ ಫೋಟೋ. ‘ಕ್ಯಾಸಿನೋಗೆ ಕೇವಲ 1.5 ಕಿಲೋಮೀಟರ್.’ ಅದರ ಕೆಳಗೆ ‘ಇಬ್ಬರಿಗೆ ಕ್ಯಾಸಿನೋ ಪ್ರವೇಶ ಉಚಿತ.’

ಇಲ್ಲೇ ನನಗೆ ಸಂಶಯ ಬರಬೇಕಿತ್ತು. ಹಡಗಿನ ಕ್ಯಾಸಿನೋಗೆ ಒಬ್ಬರ ಪ್ರವೇಶಕ್ಕೇ ಸಾವಿರಗಟ್ಟಲೆ ಆಗುತ್ತದೆ, ವಾರದ ಕೊನೆಗೆ ಇನ್ನೂ ಜಾಸ್ತಿ. ಇಬ್ಬರ ಪ್ರವೇಶವನ್ನೂ ಸೇರಿಸಿ ರೂಮನ್ನು 2,800ಕ್ಕೆ ಕೊಡಲು ಆ ಹೋಟೆಲಿನವನೇನು ನನ್ನ ಸೋದರಮಾವನಾ? ಆದರೆ ಅಗ್ಗ ಎಂದು ಕಂಡಾಗ ಕೂಡಿ ಕಳೆಯುವುದು ಮರೆತುಹೋಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ಅರ್ಧ ದುಡ್ಡು, 5,600 ರೂಪಾಯಿ, ಕಳಿಸಿದೆ. ಸ್ಕ್ಯಾನ್ ಮಾಡಿದಾಗ ಹೋಟೆಲಿನ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರು ಬಂತು. ಮ್ಯಾನೇಜರ್ ಇರಬೇಕು ಎಂದುಕೊಂಡೆ. ಹೀಗೆ ‘ಇರಬೇಕು’ ಎಂದುಕೊಂಡದ್ದು ಅದೊಂದೇ ಅಲ್ಲ.

ಬೆಳಿಗ್ಗೆ ಎಂಟೂವರೆಯ ರೈಲು ಹತ್ತಿ, ಮಡಗಾಂವ್‌ನಲ್ಲಿ ಇಳಿಯುವಾಗ ಒಂದು ಗಂಟೆ ಕಳೆದಿತ್ತು. ಅಲ್ಲಿಂದ ಕ್ಯಾಸಿನೋ ಹಡಗುಗಳು ನಿಲ್ಲುವ ಪಣಜಿಗೆ ಇನ್ನೂ ಸುಮಾರು 35 ಕಿಲೋಮೀಟರ್ ಉಂಟು. ಗೋವಾ ಎಂದರೆ ಒಂದೇ ಊರು ಎಂದು ತಿಳಿದವರಿಗೆ ಇದು ಮೊದಲ ಪೆಟ್ಟು. ಗೋವಾ ಸರ್ಕಾರದ ಕದಂಬ ಬಸ್ಸಿನಲ್ಲಿ ಹೋದರೆ ಖರ್ಚು ತುಂಬ ಕಡಿಮೆ. ನಾವು ಬ್ಯಾಗು, ಬಿಸಿಲು ಎಂದು ಟ್ಯಾಕ್ಸಿ ಹಿಡಿದೆವು, 1,900 ರೂಪಾಯಿ. ಪಣಜಿಗೇ ಹೋಗುವವರು ಕರ್ಮಲಿಯಲ್ಲಿ ನಿಲ್ಲುವ ರೈಲು ಹುಡುಕಿದರೆ ಒಳ್ಳೆಯದು, ಅಲ್ಲಿಂದ ಪೇಟೆ ಹತ್ತಿರ. ವಂದೇ ಭಾರತ್ ಮಡಗಾಂವ್‌ಗೇ ಮುಗಿಯುತ್ತದೆ.

ಟ್ಯಾಕ್ಸಿ ಪಣಜಿ ತಲುಪಿತು. ಎಡಗಡೆ ನದಿ, ಹಡಗುಗಳು. ಭಾವ ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದರು. ಇಳಿಯುವ ಜಾಗ ಬಂತು ಎಂದು ನಾನು ಬ್ಯಾಗು ತೊಡೆಗೆ ಎಳೆದುಕೊಂಡೆ. ಕಾರು ನಿಲ್ಲಲಿಲ್ಲ. ಸೇತುವೆ ಹತ್ತಿತು. ನದಿ ದಾಟಿತು. ಆಚೆ ಇಳಿದು ಬೆತಿಂ ಕಡೆಗೆ ತಿರುಗಿ, ನದಿ ಬದಿಯಲ್ಲೇ ರೇಯಿಶ್ ಮಾಗುಶ್ ದಿಕ್ಕಿಗೆ ಹೋಗಿ, ಒಂದು ಗುಡ್ಡ ಹತ್ತಿ ನಿಂತಿತು. ಹಡಗಿಗೆ ಹೋಗುವ ಬೋಟು ಹತ್ತುವ ಪಣಜಿಯ ಜೆಟ್ಟಿ ಬಿಟ್ಟ ಮೇಲೆ ರಸ್ತೆಯಲ್ಲಿ ಏಳು ಕಿಲೋಮೀಟರ್ ಹತ್ತಿರ ಬಂದಿದ್ದೆವು.

ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಹಡಗುಗಳು. ಫೋಟೋ ಸುಳ್ಳಲ್ಲ. ಒಂದೂವರೆ ಕಿಲೋಮೀಟರ್ ಎಂದದ್ದೂ ಸುಳ್ಳಲ್ಲ, ನೀವು ಕಾಗೆಯಾಗಿದ್ದರೆ.

ಮಂಗಳೂರಿನವನಾಗಿ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಮ್ಮ ಬಂದರಿನಲ್ಲಿ ನಿಂತು ನೋಡಿದರೆ ಹೊಳೆಯಾಚೆಯ ಬೆಂಗ್ರೆ ಕೂಗಿದರೆ ಕೇಳುವಷ್ಟು ಹತ್ತಿರ. ದೋಣಿ ತಪ್ಪಿದರೆ ಕೂಳೂರು ಸೇತುವೆ ಸುತ್ತಿ, ತಣ್ಣೀರುಬಾವಿ ದಾಟಿ ಬರಬೇಕು. ಸುಲ್ತಾನ್ ಬತ್ತೇರಿಯಲ್ಲಿ ಕೂತು ಆಚೆ ದಡ ನೋಡುತ್ತಾ ಚುರುಮುರಿ ತಿಂದವರಿಗೆಲ್ಲ ಇದು ಗೊತ್ತು. ಹೊಳೆ ಮಧ್ಯೆ ಇದ್ದರೆ ಹತ್ತಿರ ಎಂಬ ಮಾತಿಗೆ ಅರ್ಥವೇ ಇಲ್ಲ. ಪಣಜಿಯಲ್ಲಿ ಹರಿಯುವುದೂ ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯೇ. ಗೋವಾದಲ್ಲಿ ಅದರ ಹೆಸರು ಮಾಂಡೋವಿ.

ಸರಿ, ಹೆಸರಲ್ಲೇ ಇದ್ದ ಆ ‘ಕ್ಯಾಸಿನೋ’ ಎಲ್ಲಿ? ರಿಸೆಪ್ಷನ್ ಹುಡುಗ ಕೆಳಗಿನ ಹಾಲ್ ತೋರಿಸಿದ. ಒಂದು ಪೂಲ್ ಟೇಬಲ್, ಒಂದು ಕೇರಂ ಬೋರ್ಡ್, ಗೋಡೆಗೆ ಇಸ್ಪೀಟ್ ಎಲೆಗಳ ಚಿತ್ರ. ‘ಶುಕ್ರವಾರ ಕ್ಯಾಸಿನೋ ನೈಟ್ ಇರುತ್ತದೆ ಸರ್, ದುಡ್ಡಿನ ಬದಲು ಪ್ಲಾಸ್ಟಿಕ್ ಬಿಲ್ಲೆಯ ಚಿಪ್ಸ್, ಸುಮ್ನೆ ಮಜಾಕ್ಕೆ.’ ಭಾವ ಕೇರಂ ಬೋರ್ಡಿನ ಮೇಲಿದ್ದ ಪೌಡರನ್ನು ಬೆರಳಲ್ಲಿ ಒರೆಸಿ ನೋಡಿ ಏನೂ ಹೇಳದೆ ಮೇಲೆ ಹೋದರು.

ಇದನ್ನು ಮೊದಲೇ ತಿಳಿದುಕೊಳ್ಳಬಹುದಿತ್ತು. ಗೋವಾದ ಜೂಜು ಕಾಯ್ದೆ 1976ರದ್ದು. ಅದಕ್ಕೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳೊಳಗೆ ಯಂತ್ರದ ಆಟಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಹಡಗುಗಳಿಗೆ ಅವಕಾಶ ಬಂತು. ಮೇಜಿನ ಸುತ್ತ ಕೂತು, ಎಲೆ ಹಂಚಿಸಿಕೊಂಡು ಆಡುವ ಆಟ ಹಡಗಿನಲ್ಲಿ. ದಡದಲ್ಲಿ ಕ್ಯಾಸಿನೋ ಇದ್ದರೆ ಅದು ಪಂಚತಾರಾ ಹೋಟೆಲಿನೊಳಗೆ. ಅಂದ ಮೇಲೆ ಮೂರು ಸಾವಿರದ ಒಳಗಿನ ‘ಕ್ಯಾಸಿನೋ ರೆಸಾರ್ಟ್’ ಎಂದರೆ ಅದು ಬರೀ ಬೋರ್ಡು. ನಮ್ಮ ಬಜೆಟ್ಟಿನವರಿಗೆ ಕ್ಯಾಸಿನೋ ಇರುವ ಹೋಟೆಲ್ ಎಂಬುದೇ ಇಲ್ಲ. ಕ್ಯಾಸಿನೋಗೆ ನಡೆದು ಹೋಗಬಹುದಾದ ಸಾದಾ ಲಾಡ್ಜ್ ಉಂಟು, ಅಷ್ಟೇ. ನಾನು ಅದನ್ನು ಹುಡುಕಬೇಕಿತ್ತು.

ಸಂಜೆ ಏಳಕ್ಕೆ ಮತ್ತೆ ಟ್ಯಾಕ್ಸಿ ಹಿಡಿದು ಪಣಜಿಗೆ. ಕ್ಯಾಸಿನೋ ಕೌಂಟರಿನಲ್ಲಿ ಹೋಟೆಲಿನವರು ಕೊಟ್ಟಿದ್ದ ಉಚಿತ ಪ್ರವೇಶದ ಕೂಪನ್ ಕೊಟ್ಟೆವು. ಹುಡುಗಿ ತಿರುಗಿಸಿ ಹಿಂಭಾಗ ತೋರಿಸಿದಳು. ಸೋಮವಾರದಿಂದ ಗುರುವಾರದವರೆಗೆ ಮಾತ್ರ. ನಾವು ಹೋದದ್ದು ಶನಿವಾರ. ತಲೆಗೆ 3,500 ಕೊಟ್ಟೆವು. ಅದರಲ್ಲಿ ಊಟ, ಕುಡಿಯಲು, ಸ್ವಲ್ಪ ಚಿಪ್ಸ್ ಸೇರಿತ್ತು. ಆ ಚಿಪ್ಸ್ ಆಡಲಿಕ್ಕೆ ಮಾತ್ರ, ವಾಪಸ್ ಕೊಟ್ಟರೆ ದುಡ್ಡು ಸಿಗುವುದಿಲ್ಲ.

ಆಮೇಲೆ ಆಧಾರ್ ಕೇಳಿದರು. ಭಾವನ ಮಗನಿಗೆ ಇಪ್ಪತ್ತು ವರ್ಷ. ಒಳಗೆ ಬಿಡಲು 21 ಆಗಿರಬೇಕು. ಹುಡುಗನ ಮುಖ ನೋಡಲಾಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ದಯವಿಟ್ಟು ನೆನಪಿಡಿ. ಚಡ್ಡಿ, ಹವಾಯಿ ಚಪ್ಪಲಿ ಹಾಕಿಕೊಂಡು ಬಂದ ಇನ್ನೊಂದು ಗುಂಪನ್ನೂ ಬದಿಗೆ ನಿಲ್ಲಿಸಿದ್ದರು. (ಗೋವಾದವರಿಗೇ 2020ರಿಂದ ಅಲ್ಲಿ ಆಡಲು ಬಿಡುವುದಿಲ್ಲ ಎಂದು ನನಗೆ ಆಗಲೇ ತಿಳಿದದ್ದು. ಸೋಲುವ ಕೆಲಸವನ್ನು ನಮ್ಮಂಥ ಹೊರಗಿನವರಿಗೆ ಬಿಟ್ಟಿದ್ದಾರೆ.)

ಅಳಿಯ ಒಬ್ಬನೇ ರೂಮಿಗೆ ಹೊರಟ. ಮುಕ್ಕಾಲು ಗಂಟೆಯಲ್ಲಿ ಅವನ ಫೋನ್. ‘ಮಾವ, ಇಲ್ಲಿ ಬೆತಿಂಗೆ ಫೆರಿ ಉಂಟು. ನಡೆದು ಹತ್ತುವವರಿಗೆ ಫ್ರೀ! ಆಚೆ ಒಬ್ಬ ಪೈಲಟ್ ಸಿಕ್ಕಿದ, ಮೇಲೆ ತಂದು ಬಿಟ್ಟ.’ ಪೈಲಟ್ ಎಂದರೆ ಅಲ್ಲಿ ಬೈಕ್ ಟ್ಯಾಕ್ಸಿಯವರು, ಗೋವಾದಲ್ಲಿ ಹಾಗೇ ಕರೆಯುತ್ತಾರೆ. ನಮಗೆ ಸಮಾಧಾನವಾಯಿತು. ಬರುವಾಗ ನಾವೂ ಹಾಗೇ ಬಂದರಾಯಿತು ಎಂದುಕೊಂಡು ಒಳಗೆ ಹೋದೆವು.

ಒಳಗಿನ ಕಥೆ ಜಾಸ್ತಿ ಬೇಡ. ಜೆಟ್ಟಿಯಿಂದ ಚಿಕ್ಕ ಬೋಟಿನಲ್ಲಿ ಹಡಗಿಗೆ ಕರೆದುಕೊಂಡು ಹೋಗುತ್ತಾರೆ. ಊಟ ಚೆನ್ನಾಗಿತ್ತು. ಅಂದರ್ ಬಾಹರ್ ಮೇಜು ಕಂಡು ಭಾವ ‘ಇದು ನಮ್ಮ ಉಲಾಯಿ-ಪಿದಾಯಿಯೇ ಅಲ್ವಾ!’ ಎಂದು ಕೂತವರು ಇಪ್ಪತ್ತು ನಿಮಿಷದಲ್ಲಿ ಸ್ವಂತ ದುಡ್ಡಿನ ಎರಡು ಸಾವಿರ ಕಳೆದು ಎದ್ದರು. ಆಮೇಲೆ ಬೇರೆಯವರು ಸೋಲುವುದನ್ನು ನೋಡುತ್ತಾ ಐಸ್‌ಕ್ರೀಂ ತಿಂದರು. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೋ ಮೇಲಿನ ಜಿಎಸ್‌ಟಿ 28ರಿಂದ 40 ಪರ್ಸೆಂಟಿಗೆ ಏರಿದೆ. ಹಳೆಯ ವೀಡಿಯೋ ನೋಡಿ ಖರ್ಚಿನ ಲೆಕ್ಕ ಹಾಕಬೇಡಿ.

ರಾತ್ರಿ ಎರಡೂವರೆಗೆ ಹೊರಗೆ ಬಂದೆವು. ಫೆರಿ ಹತ್ತುವ ಜಾಗಕ್ಕೆ ಹೋದರೆ ಕತ್ತಲು. ಫೆರಿ ಇಲ್ಲ, ಜನ ಇಲ್ಲ, ಒಂದು ನಾಯಿ ಮಾತ್ರ ಎದ್ದು ನೋಡಿ ಮತ್ತೆ ಮಲಗಿತು. ಎದುರು ಗುಡ್ಡದಲ್ಲಿ ನಮ್ಮ ಹೋಟೆಲಿನ ಕೆಂಪು ಬೋರ್ಡು ಹೊಳೆಯುತ್ತಿತ್ತು. ಅಕ್ಷರ ಓದುವಷ್ಟು ಸ್ಪಷ್ಟ.

ಟ್ಯಾಕ್ಸಿಯವರು ಜೆಟ್ಟಿ ಹತ್ತಿರವೇ ಇದ್ದರು. ಏಳು ಕಿಲೋಮೀಟರಿಗೆ 1,200. ನಾನು ಓಲಾ, ಉಬರ್ ತೆರೆದು ನೋಡುತ್ತಿದ್ದರೆ ಡ್ರೈವರ್ ನಗುತ್ತಾ ನಿಂತ. ಗೋವಾದಲ್ಲಿ ಅವು ಓಡುವುದಿಲ್ಲ. ಗೋವಾ ಮೈಲ್ಸ್ ಎಂಬ ಅಲ್ಲಿನದೇ ಆ್ಯಪ್ ಇದೆ, ನಾನು ಹಾಕಿಕೊಂಡಿರಲಿಲ್ಲ. ಭಾವ ‘ಎಂಟು ನೂರು’ ಎಂದರು. ಅವನು ಸಿಗರೇಟು ಹಚ್ಚಿದ. ಸೇತುವೆ ಮೇಲೆ ನಡೆದೇ ಹೋಗುವ ಎಂದು ಗೆಳೆಯ ಒಂದು ನಿಮಿಷ ವೀರಾವೇಶ ತೋರಿಸಿದ, ಆಮೇಲೆ ಅವನೇ ಮೊದಲು ಕಾರು ಹತ್ತಿದ. 1,200 ಕೊಟ್ಟೆವು. ಅವನ ತಪ್ಪೇನೂ ಇಲ್ಲ. ಆ ಹೊತ್ತಿನಲ್ಲಿ ಅವನ ಕಾರು ಬಿಟ್ಟರೆ ನಮಗೆ ಬೇರೆ ದಾರಿ ಇಲ್ಲ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು.

ಮರುದಿನ ಬೆಳಿಗ್ಗೆ ಎರಡನೇ ರಾತ್ರಿ ಬೇಡ ಎಂದೆವು. ಕಳಿಸಿದ್ದ 5,600 ಮೊದಲ ರಾತ್ರಿಗೇ ಸರಿಯಾಯಿತು, ಆದರೆ ಅದರ ಮೇಲೆ 18 ಪರ್ಸೆಂಟ್ ತೆರಿಗೆ ಎಂದು 1,008 ರೂಪಾಯಿ ಕೇಳಿದರು. ನನ್ನ ಗೆಳೆಯ ಅಕೌಂಟ್ಸ್ ವಿಭಾಗದವನು. ಗೋವಾದಲ್ಲಿ ಅವನಿಂದಾದ ಉಪಕಾರ ಇದೊಂದೇ. ದಿನಕ್ಕೆ 7,500ರವರೆಗಿನ ರೂಮಿಗೆ 5 ಪರ್ಸೆಂಟ್ ಮಾತ್ರ ಅಲ್ವಾ, ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ, ಕೊಡುತ್ತೇವೆ ಎಂದ. ಹುಡುಗ ಒಳಗೆ ಹೋಗಿ ಬಂದು ‘280 ಕೊಡಿ ಸರ್’ ಎಂದ. ಬಿಲ್ ಮಾತ್ರ ಕೊನೆಗೂ ಕೈಬರಹದ್ದೇ.

ಆ ರಾತ್ರಿ ಪಣಜಿಯ ದೊಡ್ಡ ಇಗರ್ಜಿಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಲಾಡ್ಜ್ ಸಿಕ್ಕಿತು. ರೂಮಿಗೆ 1,900. ಎಸಿ ಸ್ವಲ್ಪ ಸದ್ದು ಮಾಡುತ್ತಿತ್ತು, ಲಿಫ್ಟ್ ಇಲ್ಲ. ಬಾಲ್ಕನಿಯಿಂದ ಕಾಣುವುದು ಪಕ್ಕದ ಮನೆಯವರು ಒಣಹಾಕಿದ ಬಟ್ಟೆ. ಜೆಟ್ಟಿಗೆ ನಡೆದು ಹತ್ತು ಹನ್ನೆರಡು ನಿಮಿಷ. ಫೋಂತೈನ್ಹಾಸ್‌ನ ಬಣ್ಣದ ಮನೆಗಳ ಬೀದಿಯೂ ಹತ್ತಿರ, ಬಸ್ ಸ್ಟ್ಯಾಂಡ್‌ಗೂ ನಡೆಯಬಹುದು. ನಡೆಸುವ ಬಾಯಮ್ಮನ ಕೊಂಕಣಿಗೆ ನನ್ನ ಗೆಳೆಯನ ಮಂಗಳೂರು ಕೊಂಕಣಿ ಹೊಂದಿಕೊಂಡಿತು, ಬೆಳಿಗ್ಗೆ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬುಕ್ ಮಾಡುವವರು ಒಂದು ಕೆಲಸ ಮಾಡಿ. ಹೋಟೆಲಿನವರಿಗೆ ಫೋನ್ ಮಾಡಿ, ‘ರಾತ್ರಿ ಎರಡು ಗಂಟೆಗೆ ಜೆಟ್ಟಿಯಿಂದ ನಿಮ್ಮಲ್ಲಿಗೆ ನಡೆದು ಬರಬಹುದಾ?’ ಎಂದು ಕೇಳಿ. ಎಷ್ಟು ಕಿಲೋಮೀಟರ್ ಎಂದು ಕೇಳಬೇಡಿ, ಕ್ಯಾಸಿನೋ ಕಾಣುತ್ತದಾ ಎಂದೂ ಕೇಳಬೇಡಿ. ‘ಟ್ಯಾಕ್ಸಿ ಸಿಗುತ್ತದೆ ಸರ್’ ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ. ಆಮೇಲೆ ಮ್ಯಾಪ್‌ನಲ್ಲಿ ಜೆಟ್ಟಿಯಿಂದ ಹೋಟೆಲಿಗೆ ದಾರಿ ಹಾಕಿ ನೋಡಿ, ನೀಲಿ ಗೆರೆ ಸೇತುವೆ ಹತ್ತಿದರೆ ಬೇರೆ ರೂಮು ಹುಡುಕಿ. ಪ್ರವೇಶ ಉಚಿತ ಎಂದರೆ ಯಾವ ದಿನ, ಯಾವ ಕ್ಯಾಸಿನೋ ಎಂದು ಬರೆದು ಕಳಿಸಲು ಹೇಳಿ.

ಊರಿಗೆ ಬಂದ ಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕೆಲವು ದಿನ ಬಿಟ್ಟು ಹೋಟೆಲಿನಿಂದ ಉತ್ತರ ಬಂತು. ಹಣ ವಾಪಸ್ ಇಲ್ಲ, ಆದರೆ ಕೂಪನ್ ಜುಲೈವರೆಗೆ ನಡೆಯುತ್ತದೆ, ಸೋಮವಾರದಿಂದ ಗುರುವಾರದೊಳಗೆ ಯಾವಾಗ ಬೇಕಾದರೂ ಬನ್ನಿ ಎಂದು. ಭಾವ ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಮೊನ್ನೆ ಅಕ್ಕನ ಮನೆಗೆ ಹೋದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರದ ರಜೆ ಹುಡುಕುತ್ತಿದ್ದರು.